ರತ್ನಮ್ಮನ ಹುಳು ಹಣ್ಣಾಗುವ ತನಕ

ಮೊನ್ನೆ ಸಂಜೆ ನಮ್ಮ ಬೀದಿಗೆ ಸೊಳ್ಳೆ ಹೊಗೆ ಹೊಡೆಯುವವರು ಬಂದಿದ್ದರು. ಕಿಟಕಿ ಮುಚ್ಚುವಷ್ಟರಲ್ಲಿ ಡೀಸೆಲ್ ನಾತದ ಬಿಳಿ ಹೊಗೆ ಮನೆಯೊಳಗೆ ತುಂಬಿಕೊಂಡಿತು. ಕೆಮ್ಮುತ್ತಾ ಕೂತವನಿಗೆ ಅಂಬಾಜಿದುರ್ಗದ ತಪ್ಪಲಿನ ಒಂದು ಹಳ್ಳಿ, ಸೊಂಟ ಹಿಡಿದುಕೊಂಡು ಗೋಡೆಗುಂಟ ನಡೆಯುವ ಜನ, ಬಾಗಿಲ ಮುಂದೆ ಓರೆಯಾಗಿ ನಿಲ್ಲಿಸಿದ, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಂಕಿಗಳು ಎಲ್ಲ ಒಟ್ಟಿಗೇ ನೆನಪಾದವು. ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು, ಇದು ಸಾಧ್ಯವೇ ಇಲ್ಲ. ಆ ಮಳೆಗಾಲದಲ್ಲಿ ಆ ಹಳ್ಳಿಗೆ ಹೊಗೆ ಬರಲೇ ಇಲ್ಲ. ಚಿಂತಾಮಣಿ ಬಸ್ ಸ್ಟ್ಯಾಂಡಿನ ಹತ್ತಿರ ಯಾವತ್ತೋ ಕುಡಿದ ಹೊಗೆಯನ್ನು ನನ್ನ ತಲೆ ತನಗೆ ಬೇಕಾದ ಕಡೆಗೆ ತಂದು ಸುರಿದಿರಬೇಕು. ಹಾಗಾಗಿ ಮುಂದೆ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ಸೇರಿಕೊಂಡದ್ದು ಎಂದು ನಾನು ಪ್ರಮಾಣ ಮಾಡಲಾರೆ. ಮಾತುಗಳನ್ನು ಮಾತ್ರ ಹೆಚ್ಚು ಕಡಿಮೆ ನಂಬುತ್ತೇನೆ.

ಆಗ ಚಿಕ್ಕಬಳ್ಳಾಪುರ ಇನ್ನೂ ಜಿಲ್ಲೆಯಾಗಿರಲಿಲ್ಲ, ಎಲ್ಲವೂ ಕೋಲಾರಕ್ಕೇ ಸೇರಿತ್ತು. ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಜಾನಕಿ ಮೇಡಂ ಅವರ ಕೈಕೆಳಗೆ ಸಹಾಯಕನಾಗಿ ಸೇರಿದ್ದೆ. ಕಾಯಿಲೆ ಬಂದಾಗ ಬಡವರ ಮನೆ ಏನು ಮಾಡುತ್ತದೆ, ಸರ್ಕಾರಿ ಆಸ್ಪತ್ರೆ ಹತ್ತಿರವಿದ್ದರೂ ಜನ ಖಾಸಗಿ ಡಾಕ್ಟರ ಬಾಗಿಲಿಗೆ ಯಾಕೆ ಹೋಗುತ್ತಾರೆ, ಸರ್ಕಾರ ಎಲ್ಲಿ ಕೈ ಹಾಕಿದರೆ ಉಪಯೋಗ, ಇದು ಅವರ ಅಧ್ಯಯನ. ಚಿಕ್ಕಬಳ್ಳಾಪುರದಲ್ಲಿ ಎರಡು ರೂಮು ಹಿಡಿದು, ಒಂದು ಹಳೇ ಜೀಪಿನಲ್ಲಿ ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಕಡೆ ಓಡಾಡುತ್ತಿದ್ದೆವು. ನಮ್ಮೂರು ಗೌರಿಬಿದನೂರೇ ಆದ್ದರಿಂದ ನನಗೆ ಈ ಕಡೆಯ ಕನ್ನಡ, ಅದರ ನಡುವೆ ನುಸುಳುವ ತೆಲುಗು ಎರಡೂ ಬರುತ್ತಿದ್ದವು. ಮೇಡಂ ನನ್ನನ್ನು ಆರಿಸಿದ್ದು ಅದಕ್ಕೇ ಇರಬೇಕು. ನನ್ನ ಅಂಕಪಟ್ಟಿಯಲ್ಲಿ ಬೇರೆ ವಿಶೇಷವೇನೂ ಇರಲಿಲ್ಲ.

ನಾವು ಅಲ್ಲಿಗೆ ಹೋದ ವರ್ಷವೇ ಚಿಕೂನ್‌ಗುನ್ಯ ಬಂತು. ಜನ ಅದನ್ನು ಕೀಲುಜ್ವರ ಎನ್ನುತ್ತಿದ್ದರು. ಜ್ವರ ಬೇಗ ಬಿಟ್ಟರೂ ನೋವು ತಿಂಗಳುಗಟ್ಟಲೆ ಬಿಡುತ್ತಿರಲಿಲ್ಲ. ರಾಗಿ ಪೈರಿನಲ್ಲಿ ಕಳೆ ಕೀಳಲು ಕೂತ ಹೆಂಗಸರು ಏಳಲಾರದೆ ಒಬ್ಬರನ್ನೊಬ್ಬರು ಎಳೆದು ನಿಲ್ಲಿಸುತ್ತಿದ್ದರು. ಪೆರೇಸಂದ್ರದ ಹೋಟೆಲಿನವನೊಬ್ಬ ಟೀ ಲೋಟವನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದು ತಂದುಕೊಡುತ್ತಿದ್ದ. ಬೆರಳು ಮಡಚುತ್ತಿರಲಿಲ್ಲ. ನೋಡಿದವರೆಲ್ಲ ನಗುತ್ತಿದ್ದರು, ಅವನೂ ನಗುತ್ತಿದ್ದ. ಊರಿಗೆ ಊರೇ ಒಂದೇ ಥರ ಕುಂಟುವಾಗ ಬೇರೇನು ಮಾಡುವುದು?

ಸೊಳ್ಳೆಗೆ ಹೊಗೆ ಹಾಕಿಸುವುದು ಆರೋಗ್ಯ ಇಲಾಖೆಯವರ ಕೆಲಸ. ಆದರೆ ಶಿಡ್ಲಘಟ್ಟ, ಚಿಂತಾಮಣಿ ಸುತ್ತಿನ ಹಳ್ಳಿಗಳಲ್ಲಿ ಮನೆಮನೆಯಲ್ಲೂ ರೇಷ್ಮೆಹುಳು. ಸೊಳ್ಳೆಯನ್ನು ಕೊಲ್ಲುವ ಔಷಧಿ ಹುಳುವನ್ನೂ ಕೊಲ್ಲುತ್ತದೆ. ಹುಳುಮನೆಗೆ ಊದುಬತ್ತಿಯ ಹೊಗೆಯೂ ಆಗುವುದಿಲ್ಲ, ಬೀಡಿ ಸೇದಿ ಬಂದವನನ್ನು ಹೊಸ್ತಿಲಲ್ಲೇ ತಡೆಯುತ್ತಾರೆ. ಒಂದು ಮನೆಯಲ್ಲಿ ಹುಳು ಗೂಡು ಕಟ್ಟುವ ಹೊತ್ತಿಗೆ ಪಕ್ಕದ ಮನೆಯಲ್ಲಿ ಮರಿಹುಳು ಬಂದಿರುತ್ತದೆ. ಹೊಗೆ ಹಾಕಿಸಲು ಊರಿಗೆ ಬಿಡುವೇ ಇರುವುದಿಲ್ಲ. ಹೊಗೆಯ ಜೀಪು ಬಂದರೆ ಜನ ಊರಬಾಗಿಲಲ್ಲೇ ಅಡ್ಡ ನಿಂತು ವಾಪಸ್ ಕಳಿಸುತ್ತಿದ್ದರು.

ನಾವು ಹೆಚ್ಚಾಗಿ ಹೋಗುತ್ತಿದ್ದ ಆ ತಪ್ಪಲಿನ ಹಳ್ಳಿಯಲ್ಲಿ ಈ ಮಾತು ಎತ್ತಿದಾಗ ನಮಗೆ ಎದುರು ಕೂತವಳು ಅಕ್ಕಾಯಮ್ಮ. ವಯಸ್ಸಾದ ಹೆಂಗಸು, ದೊಡ್ಡ ಮೈ, ಬಾಯಿ ತುಂಬ ಎಲೆಅಡಿಕೆ. ಊರಿನಲ್ಲಿ ಯಾರ ಮನೆ ಬಾಗಿಲನ್ನೂ ಕೇಳದೆ ತಳ್ಳಿಕೊಂಡು ಹೋಗುವ ಹಕ್ಕು ಅವಳಿಗಿತ್ತು. ಮಗ ಮುನಿರಾಜು, ಸೊಸೆ ಜೊತೆ ಇದ್ದಳು.

"ಹೋದ ತಿಂಗಳು ಮನೇಲಿ ಯಾರಿಗಾದ್ರೂ ಜ್ವರ ಬಂದಿತ್ತಾ?" ನಾನು ಕೇಳಬೇಕಾದ ಮೊದಲ ಪ್ರಶ್ನೆ ಅದು.

"ಯಾರ್ನ ಕೇಳ್ತಾ ಇದ್ದೀಯ ನಾಯನಾ, ಮನುಷ್ಯರನ್ನೋ ಹುಳಾನೋ?" ಎಂದಳು. ಹುಳು ಪೊರೆ ಬಿಡುವುದಕ್ಕೂ ಅಲ್ಲಿ ಜ್ವರ ಎಂದೇ ಹೇಳುತ್ತಾರೆ. "ಹುಳಕ್ಕೆ ಮೂರನೇ ಜ್ವರ ಆಯ್ತು. ಮಗಂಗೆ ಒಂದೇ ಜ್ವರ, ಅಷ್ಟಕ್ಕೇ ಮಂಡಿ ಹಿಡ್ಕೊಂಡು ಕುಂತವ್ನೆ."

"ನಿಮಗೆ ಬಂದಿಲ್ವಾ?" ಎಂದರು ಮೇಡಂ.

"ನನ್ನ ಕಚ್ಚಿದ್ರೆ ಸೊಳ್ಳೇನೇ ಉಗುಳ್ತದೆ ತಾಯಿ. ಬರೀ ಕಡ್ಡಿಪುಡಿ ರಕ್ತ ಇದು."

ಮೇಡಂ ಆವತ್ತು ರಾತ್ರಿ ಊಟ ಮಾಡುತ್ತಾ ಹೇಳಿದ್ದು ನೆನಪಿದೆ. "ಆನಂದ್, ಇವರಲ್ಲಿ ಯಾರೂ ತಪ್ಪು ಮಾಡ್ತಿಲ್ಲ. ಪ್ರತಿ ಮನೆ ಬೇಡ ಅನ್ನೋದಕ್ಕೂ ಸರಿಯಾದ ಕಾರಣ ಇದೆ. ಎಲ್ಲರ ಸರಿ ಸೇರಿ ಊರಿಗೆ ಕಾಯಿಲೆ." ಅವರು ಒಂದು ಉಪಾಯ ಹುಡುಕಿದರು. ಊರಿನವರೆಲ್ಲ ಒಂದೇ ಹೊತ್ತಿಗೆ ಮರಿಹುಳು ತಂದರೆ ಒಂದೇ ಹೊತ್ತಿಗೆ ಗೂಡು ಬಿಡಿಸುತ್ತಾರೆ. ಹುಳು ಸಾಕುವ ತಟ್ಟೆಗಳೆಲ್ಲ ಖಾಲಿಯಾದ ಆ ಬಿಡುವಿನಲ್ಲಿ ಹೊಗೆ ಹಾಕಿಸಬಹುದು. ಇದು ಒಂದು ಹಳ್ಳಿಯಲ್ಲಿ ಆದರೆ ಇಡೀ ರೇಷ್ಮೆ ಸೀಮೆಗೆ ಇದೇ ಪದ್ಧತಿ ಮಾಡಿ ಎಂದು ಸರ್ಕಾರಕ್ಕೆ ಬರೆಯಬಹುದು. ತಿಂಗಳುಗಟ್ಟಲೆ ಕೂತು ಮಾತಾಡಿ ಊರನ್ನು ಒಪ್ಪಿಸಿದರು. ಹಾಗೆ ನೋಡಿದರೆ ಒಪ್ಪಿಸಿದವಳು ಅಕ್ಕಾಯಮ್ಮ. "ಮೇಷ್ಟ್ರಮ್ಮ ಹೇಳ್ತಾ ಅವ್ಳೆ, ಒಂದು ಸತಿ ಮಾಡ್ನೋಡಣ, ನಮ್ಮ ಗಂಟೇನ್ ಹೋಗ್ತದೆ" ಎಂದು ಮನೆಮನೆ ತಿರುಗಿದಳು.

ಎಲ್ಲರೂ ಒಟ್ಟಿಗೆ ಮರಿಹುಳು ತಂದರು, ರತ್ನಮ್ಮನೊಬ್ಬಳನ್ನು ಬಿಟ್ಟು. ರತ್ನಮ್ಮನಿಗೆ ಆಗ ಮೂವತ್ತೂ ಆಗಿರಲಿಕ್ಕಿಲ್ಲ. ಗಂಡ ಲಾರಿ ಓಡಿಸುತ್ತಿದ್ದ, ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಅತ್ತೆಯ ಜೊತೆ ಜಗಳವಾಡಿ ಬೇರೆ ಬಂದು, ಊರ ನಡುವಿನ ಬೀದಿಯಲ್ಲಿ ಒಂದು ಹಳೇ ಮನೆ ಹಿಡಿದಿದ್ದಳು. ಸ್ವಂತಕ್ಕೆ ಅವಳು ಇಡುತ್ತಿದ್ದ ಮೊದಲ ಬೆಳೆ ಅದು. ಮರಿಹುಳು ತರಬೇಕಾದ ವಾರ ಅವಳೇ ಜ್ವರ ಬಂದು ಮಲಗಿದಳು. ಎದ್ದು ತರುವ ಹೊತ್ತಿಗೆ ಊರಿಗಿಂತ ಬಹಳ ಹಿಂದೆ ಬಿದ್ದಿದ್ದಳು.

"ಈ ಸತಿ ಬಿಟ್ಬಿಡ್ಬಹುದಿತ್ತಲ್ಲ?" ಎಂದು ನಾನು ಕೇಳಿದ್ದೆ.

"ಬಿಟ್ಟು? ನಮ್ಮತ್ತೆ ಬಾಗಿಲಿಗೆ ಹೋಗಿ ನಿಂತ್ಕಳ್ಲಾ? ಅವ್ಳು ಅದನ್ನೇ ಕಾಯ್ತಾ ಅವ್ಳೆ ಕಣಣ್ಣ. 'ಕೈಲಾಗ್ದೋಳು ಬೇರೆ ಹೋದ್ಲು, ನೋಡ್ರಿ' ಅನ್ನಕ್ಕೆ." ನೋಯುವ ಬೆರಳುಗಳಿಂದ ಅವಳು ಸೊಪ್ಪು ಕತ್ತರಿಸುತ್ತಿದ್ದಳು. ಹುಳುವಿಗೆ ಸೊಪ್ಪು ಹಾಕುವ ಹೊತ್ತು ತಪ್ಪುವ ಹಾಗಿಲ್ಲ. ಮಡಚಲಾಗದ ಕೈಯಲ್ಲೇ ಹಾಕುತ್ತಿದ್ದಳು.

ಅವಳ ಹುಳುಮನೆಗೆ ನನ್ನನ್ನು ಬಿಟ್ಟುಕೊಂಡಿದ್ದಕ್ಕೆ ಒಂದು ಕಾರಣವಿತ್ತು. ಒಂದು ದಿನ ಮಾತು ಮೈಲಿಗೆಯ ಕಡೆ ಹೊರಳಿತು. ಸಾವಿನ ಮನೆಗೆ ಹೋದವರು ಆ ಬೆಳೆ ಮುಗಿಯುವ ತನಕ ಹುಳುಮನೆಗೆ ಕಾಲಿಡುವಂತಿಲ್ಲ, ಸ್ನಾನ ಮಾಡಿದರೂ ಇಲ್ಲ. ಹೆಣ ಮನೆ ಮುಂದೆ ಹಾದರೂ ಹುಳು ಸುಣ್ಣಗಟ್ಟಿ ಸಾಯುತ್ತವೆ ಎಂಬುದು ಆ ಊರಿನ ಕಟ್ಟುನಿಟ್ಟು. ನಾನು ವಾದಕ್ಕೆ ಹೋದೆ. ನಮ್ಮದು ಬೌದ್ಧರ ಮನೆ, ಅಪ್ಪ ಹೈಸ್ಕೂಲ್ ಮೇಷ್ಟ್ರು, ನಮ್ಮಲ್ಲಿ ಸೂತಕ ಬಿಟ್ಟು ಎಷ್ಟೋ ಕಾಲವಾಯಿತು ಎಂದೆ.

"ಹಂಗಾದ್ರೆ ಯಾರಾದ್ರೂ ಸತ್ರೆ ಏನ್ ಮಾಡ್ತೀರಿ?" ಎಂದು ಕೇಳಿದಳು, ನಿಜವಾದ ಕುತೂಹಲದಿಂದ.

"ಕೂತ್ಕೊಂಡು ಅಳ್ತೀವಿ."

ಅವಳು ಹೊಸ್ತಿಲಿನಿಂದ ಪಕ್ಕಕ್ಕೆ ಸರಿದಳು. "ನೀವು ನಂಬಲ್ಲ ಅಂದ್ರೆ ನಿಮಗದು ಅಂಟಲ್ಲ ಬಿಡು. ಬಾ ಒಳಗೆ, ಆ ತಟ್ಟೆ ಹಿಡ್ಕೋ." ಆ ತರ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ನನಗೆ ಈಗಲೂ ಹೇಳಲು ಬರುವುದಿಲ್ಲ.

ಹೊಗೆಯ ಜೀಪು ಬಂದ ದಿನ ಮೋಡವಿತ್ತು, ಮಳೆ ಇರಲಿಲ್ಲ. ಊರಿನ ಗೂಡೆಲ್ಲ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿಯಾಗಿತ್ತು. ತಟ್ಟೆಗಳನ್ನು ತೊಳೆದು ಬೀದಿಯಲ್ಲಿ ಒರಗಿಸಿದ್ದರು, ಬ್ಲೀಚಿಂಗ್ ಪುಡಿಯ ವಾಸನೆ ಎಲ್ಲ ಕಡೆ. ರತ್ನಮ್ಮನ ಹುಳುಗಳು ಮಾತ್ರ ನಾಲ್ಕನೇ ಜ್ವರ ಮುಗಿಸಿ ಆಗಷ್ಟೇ ಸೊಪ್ಪಿಗೆ ಬಾಯಿ ಹಾಕಿದ್ದವು. ಹಣ್ಣಾಗಿ ಗೂಡು ಕಟ್ಟಲು ಇನ್ನೊಂದು ವಾರವಾದರೂ ಬೇಕು.

ಹಾಲಿನ ಡೈರಿಯ ಮುಂದೆ ಎಲ್ಲರೂ ಸೇರಿದರು. ಹೊಗೆ ಯಂತ್ರದ ಜೊತೆ ಬಂದ ಹೆಲ್ತ್ ಇನ್ಸ್‌ಪೆಕ್ಟರಿಗೂ ಈ ಜ್ವರ ಬಂದು ಹೋಗಿತ್ತು, ಜೀಪಿನಿಂದ ಇಳಿಯಲು ಬಾಗಿಲು ಹಿಡಿದುಕೊಳ್ಳಬೇಕಾಯಿತು.

"ಇವತ್ತು ಅಂದ್ರೆ ಇವತ್ತು. ನಾಳೆ ನಾವು ಗೌರಿಬಿದನೂರು ಕಡೆ, ತೊಂಡೇಬಾವಿ ಸುತ್ತ ಪೂರ್ತಿ ಬಾಕಿ ಇದೆ. ಮಿಷನ್ ಇರೋದೇ ಇದೊಂದು" ಎಂದ.

"ಅವರ ಬೀದಿ ಬಿಟ್ಟು ಹೊಡೆದ್ರೆ?" ಎಂದರು ಮೇಡಂ.

"ಹೊಗೆಗೆ ಬೀದಿ ಗೊತ್ತಾ ಮೇಡಂ?" ಎಂದ ಮುನಿರಾಜು.

ರತ್ನಮ್ಮ ಡೈರಿಯ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಹೊಗೆ ಬೇಡ ಎಂದು ಕೇಳುವ ಮುಖ ಅವಳಿಗಿರಲಿಲ್ಲ. ಊರೆಲ್ಲ ಮಾತಿಗೆ ನಡೆದುಕೊಂಡಿತ್ತು, ಹಿಂದೆ ಬಿದ್ದವಳು ತಾನು. "ಹೊಡೀರಿ" ಎಂದಳು ಕೊನೆಗೆ, ಯಾರನ್ನೂ ನೋಡದೆ. "ನನ್ನೊಬ್ಬಳಿಗೆ ಊರ್ಯಾಕೆ ನಿಲ್ಬೇಕು?"

ಆಗ ಅಕ್ಕಾಯಮ್ಮ ಮುಂದೆ ಬಂದಳು. ಎಲೆಅಡಿಕೆ ಉಗುಳಿ ಬಾಯಿ ಒರೆಸಿಕೊಂಡು ಇನ್ಸ್‌ಪೆಕ್ಟರನ್ನು ಕೇಳಿದಳು. "ಏನಪ್ಪಾ, ಮದುವೆ ಊಟಕ್ಕೆ ಎಲೆ ಹಾಕಿ ಕೂರಿಸಿ, ಅನ್ನ ಬಡಿಸೋ ಹೊತ್ತಿಗೆ ಎದ್ದೋಗು ಅಂದ್ರೆ ಎದ್ದೋಗ್ತೀಯಾ ನೀನು?"

"ಅಜ್ಜಿ, ಅದಕ್ಕೂ ಇದಕ್ಕೂ ಏನು..."

"ಹುಳ ಉಣ್ಣಕ್ಕೆ ಕುಂತವೆ. ಅವು ಹಣ್ಣಾಗ್ಲಿ. ನೀನು ತೊಂಡೇಬಾವಿಗೆ ಹೋಗಿ ಬಾ, ನಿಂಗೊಂದು ಕೋಳಿ ಕುಯ್ತೀನಿ. ಇಷ್ಟ್ ದಿನ ಕಚ್ಚಿಸ್ಕೊಂಡಿದ್ದೀವಿ, ಇನ್ನೊಂದು ವಾರ ಕಚ್ಚಿಸ್ಕೊಂಡ್ರೆ ಸಾಯ್ತೀವಾ?"

ಯಾರೋ ನಕ್ಕರು. ನಗುವಿನ ಜೊತೆ ತೀರ್ಮಾನವೂ ಆಗಿಹೋಯಿತು. ಜೀಪು ತಿರುಗಿಕೊಂಡು ಹೋಯಿತು, ಮತ್ತೆ ಬರಲಿಲ್ಲ. ಎಲ್ಲಿ ಹೋದರೂ ಜ್ವರ, ಯಂತ್ರ ಒಂದೇ. ಅವರನ್ನೂ ದೂರುವಂತಿಲ್ಲ.

ಈ ಮಾತನ್ನು ಅಕ್ಕಾಯಮ್ಮ ಹಾಗೆಯೇ ಹೇಳಿದಳೋ, ಆಮೇಲೆ ನಡೆದದ್ದಕ್ಕೆ ಸರಿಹೊಂದುವಂತೆ ನಾನು ತಿದ್ದಿಕೊಂಡಿದ್ದೇನೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಒಮ್ಮೆ ಮೇಡಂ ಅವರನ್ನು ಕೇಳಿದೆ. ಕೋಳಿಯ ಮಾತು ಅವರಿಗೂ ನೆನಪಿತ್ತು. ಸಾಯುವ ಮಾತು ನೆನಪಿರಲಿಲ್ಲ.

ಕೆಲವೇ ದಿನಗಳಲ್ಲಿ ಅಕ್ಕಾಯಮ್ಮನಿಗೆ ಜ್ವರ ಬಂತು. ಅವಳಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಮಗೆ ಗೊತ್ತಾದದ್ದೇ ಆಗ. ಮುನಿರಾಜು ಚಿಂತಾಮಣಿಗೆ ಕರೆದುಕೊಂಡು ಹೋಗಿ, ಖಾಸಗಿ ಡಾಕ್ಟರ ಹತ್ತಿರ ಗ್ಲೂಕೋಸ್ ಹಾಕಿಸಿಕೊಂಡು ಬಂದ. ನಾವು ನೋಡಲು ಹೋದಾಗ ಮಾತು ಕಡಿಮೆಯಾಗಿತ್ತು. ರತ್ನಮ್ಮ ದಿನವೂ ಸೊಪ್ಪು ಹಾಕಿ ಬಂದು ಅವಳ ಕಾಲು ಒತ್ತುತ್ತಿದ್ದಳು.

"ಹುಳ ಹೆಂಗವೆ?" ಎಂದು ಕೇಳುತ್ತಿದ್ದಳು ಅಕ್ಕಾಯಮ್ಮ.

"ದಪ್ಪಗವೆ ಅಕ್ಕಾಯಮ್ಮ. ನಿನ್ನಂಗೆ."

"ಹೋಗೇ, ಹೋಗಿ ಸೊಪ್ಪು ಹಾಕು. ನನ್ನ ಕಾಲು ಎಲ್ಲೂ ಓಡೋಗಲ್ಲ."

ಮೇಡಂ ಹತ್ತಿರದ ಆರೋಗ್ಯ ಕೇಂದ್ರದ ಡಾಕ್ಟರನ್ನು ಕಂಡು, ಇವಳನ್ನು ದೊಡ್ಡಾಸ್ಪತ್ರೆಗೆ ಸೇರಿಸಬೇಕಲ್ಲವೇ ಎಂದು ಕೇಳಿದರು. ಎಷ್ಟೋ ರಾತ್ರಿ ನಿದ್ದೆಗೆಟ್ಟ ಮುಖ ಆ ಡಾಕ್ಟರದು. "ಈ ಜ್ವರದಲ್ಲಿ ಯಾರೂ ಸಾಯಲ್ಲ ಮೇಡಂ. ನೋವಿರುತ್ತೆ, ಹೋಗುತ್ತೆ" ಎಂದರು. ಅವಳು ಸತ್ತ ಮೇಲೆಯೂ ಮಾತು ಬದಲಾಗಲಿಲ್ಲ. ವಯಸ್ಸಾಗಿತ್ತು, ಸಕ್ಕರೆ ಇತ್ತು ಎಂದರು. ಹಾಗಾಗಿ ಕೀಲುಜ್ವರದ ಸಾವುಗಳ ಲೆಕ್ಕದಲ್ಲಿ ಅಕ್ಕಾಯಮ್ಮ ಇಲ್ಲ. ಮೇಡಂ ಬರೆದ ಲೇಖನದಲ್ಲಿ ಆ ಹಳ್ಳಿಗೆ ಸಿಕ್ಕಿದ್ದು ಒಂದೇ ವಾಕ್ಯ. ಹೊಂದಾಣಿಕೆ ಪೂರ್ಣವಾಗದ ಹಳ್ಳಿ ಎಂದು. ಅದನ್ನು ಬರೆಯಲು ಅವರು ಬಹಳ ಕಷ್ಟಪಟ್ಟರು ಎಂದು ಬಲ್ಲೆ. ಎಷ್ಟು ಸಲ ಹೊಡೆದು ಹಾಕಿ ಬರೆದರೂ ಆ ವಾಕ್ಯ ಅದಕ್ಕಿಂತ ಉದ್ದವಾಗಲಿಲ್ಲ.

ಆವತ್ತು ಹೊಗೆ ಹಾಕಿದ್ದರೆ ಅವಳು ಉಳಿಯುತ್ತಿದ್ದಳೇ? ನನ್ನ ಓದು ಕಲಿಸಿದ ಪ್ರಶ್ನೆ ಇದು, ಆಗದೆ ಉಳಿದದ್ದು ಆಗಿದ್ದರೆ ಏನಾಗುತ್ತಿತ್ತು ಎಂಬುದು. ಲೆಕ್ಕ ಹಾಕಿದರೆ, ಜೀಪು ಬರುವ ಹೊತ್ತಿಗೇ ಅವಳಿಗೆ ಸೊಳ್ಳೆ ಕಚ್ಚಿರಬಹುದು. ಒಂದು ದಿನದ ಹೊಗೆಗೆ ಒಂದೂರಿನ ಸೊಳ್ಳೆ ಸಾಯುತ್ತದೆಂದೂ ಇಲ್ಲ. ಇದನ್ನೆಲ್ಲ ರತ್ನಮ್ಮನಿಗೆ ಆಮೇಲೆ ಒಂದು ದಿನ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. "ಇರಬಹುದಣ್ಣ" ಎಂದಳು, ನನಗೆ ಸಮಾಧಾನ ಹೇಳುವವಳ ಹಾಗೆ.

ಅಕ್ಕಾಯಮ್ಮ ಸತ್ತದ್ದು ರತ್ನಮ್ಮನ ಹುಳು ಹಣ್ಣಾದ ಬೆಳಗ್ಗೆ.

ನಾವು ಜೀಪಿನಿಂದ ಇಳಿದಾಗ ಊರು ಆಗಲೇ ಅಕ್ಕಾಯಮ್ಮನ ಮನೆಯ ಮುಂದೆ ಸೇರಿತ್ತು. ರತ್ನಮ್ಮ ತನ್ನ ಹೊಸ್ತಿಲ ಒಳಗೆ ನಿಂತಿದ್ದಳು. ಹಣ್ಣಾದ ಹುಳು ಕಾಯುವುದಿಲ್ಲ. ಮೈ ಹಳದಿಗಟ್ಟಿ, ಸೊಪ್ಪು ಬಿಟ್ಟು, ತಲೆ ಎತ್ತಿ ಆಡಿಸಲು ಶುರುಮಾಡಿದವೆಂದರೆ ಆ ದಿನವೇ ಒಂದೊಂದಾಗಿ ಆರಿಸಿ ಚಂದ್ರಂಕಿಗೆ ಬಿಡಬೇಕು. ಚಂದ್ರಂಕಿ ಎಂದರೆ ಬಿದಿರಿನ ಸುರುಳಿ ಕಟ್ಟಿದ ದೊಡ್ಡ ಚಾಪೆ, ಅದರಲ್ಲೇ ಅವು ಗೂಡು ಕಟ್ಟುವುದು. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಆ ದಿನ ಅಕ್ಕಪಕ್ಕದ ಹೆಂಗಸರೆಲ್ಲ ಬಂದು ಕೈ ಹಾಕುವುದು ರೂಢಿ. ಆದರೆ ಅವರೆಲ್ಲ ಸಾವಿನ ಮನೆಗೆ ಹೋಗಿಯಾಗಿತ್ತು, ಇನ್ನು ಇವಳ ಮನೆಯೊಳಗೆ ಬರುವಂತಿರಲಿಲ್ಲ.

"ನೀನು ಹೋಗಿ ಮುಖ ನೋಡ್ಕೊಂಡು ಬಾ ರತ್ನಮ್ಮ. ಸ್ನಾನ ಮಾಡಿ ಕೆಲಸ ಮುಂದುವರಿಸು. ಏನೂ ಆಗಲ್ಲ" ಎಂದರು ಮೇಡಂ.

"ಏನಾದ್ರೂ ಆದ್ರೆ ಮೇಡಂ?" ಎಂದಳು ರತ್ನಮ್ಮ. "ಈ ಹುಳಕ್ಕೇ ಅಂತ ಅವ್ಳು ಜೀಪು ವಾಪಸ್ ಕಳ್ಸಿದ್ದು. ಈಗ ನಾನೇ ಮೈಲಿಗೆ ತಂದು ಕೆಡಿಸ್ಲಾ? ಸತ್ತೋಳು ಸುಮ್ನೆ ಸತ್ತಂಗಾಗಲ್ವಾ?"

ಮೇಡಂ ಹೊಸ್ತಿಲಿನಿಂದ ಹಿಂದೆ ಸರಿದು ನಿಂತರು.

"ಹೆಂಗೂ ಈ ಬೀದೀಲೇ ತಗೊಂಡೋಗ್ತಾರೆ, ಅದನ್ನ ಬೇಡ ಅನ್ನಕ್ಕೆ ನಂಗ್ ಬಾಯಿಲ್ಲ. ಗುಂಡಿಗೆ ಹೋಗಕ್ಕೆ ದಾರಿ ಇದೇ ಅಲ್ವಾ. ಮುಖಾನೂ ಮುಚ್ಚಲ್ಲ. ನಾನು ಆ ಕಿಟಕೀಲಿ ನಿಂತು ನೋಡ್ತೀನಿ. ಅವ್ಳು ಬೇಜಾರ್ ಮಾಡ್ಕಳಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನಿಂಗೆ ಅಂಟಲ್ವಲ್ಲಣ್ಣ, ಬಾ ಒಳಗೆ."

ಮೇಡಂ ಸಾವಿನ ಮನೆಗೆ ಹೋದರು, ನಾನು ಒಳಗೆ ಹೋದೆ. ನನ್ನ ನೆನಪಿನಲ್ಲಿ ಚಟ್ಟ ಹೊತ್ತವರೂ ಇದ್ದಾರೆ. ನೋಯುವ ಮಂಡಿಯಲ್ಲಿ ಕೆರೆ ಏರಿ ಹತ್ತಲಾರದೆ ನಿಂತು ನಿಂತು ಹೆಗಲು ಬದಲಿಸುವ ಗಂಡಸರು, ಅವರ ಹಿಂದೆ ನಡೆಯುವ ನಾನು. ಎರಡೂ ಕಡೆ ಇದ್ದಿರಲು ಸಾಧ್ಯವಿಲ್ಲ. ಏರಿಯ ಮೇಲಿನದ್ದು ಮೇಡಂ ಆಮೇಲೆ ಜೀಪಿನಲ್ಲಿ ಹೇಳಿದ್ದು, ನಾನು ಕಂಡದ್ದಲ್ಲ. ಚಟ್ಟ ಎತ್ತುವ ಮೊದಲು ಮುನಿರಾಜು ತಡೆದನಂತೆ. "ರತ್ನಕ್ಕನ ಮನೆ ಮುಂದೆ ಬೇಡ ಕಣ್ರೋ, ಹುಳ ಚಂದ್ರಂಕಿ ಏರ್ತಾ ಅವೆ. ಏರಿ ಮೇಲೆ ಸುತ್ತಾಕ್ಕೊಂಡು ಹೋಗಣ" ಎಂದನಂತೆ. ಯಾರೂ ಎದುರಾಡಲಿಲ್ಲವಂತೆ. ಒಳಗಿದ್ದ ನಮಗೆ ಇದು ಗೊತ್ತಿರಲಿಲ್ಲ.

ನಾವು ಹುಳು ಆರಿಸುತ್ತಿದ್ದೆವು. ಬಾಗಿಲ ಮುಂದಿನ ಚಪ್ಪರದಡಿ ಚಂದ್ರಂಕಿಗಳು ಒಂದೊಂದಾಗಿ ತುಂಬುತ್ತಿದ್ದವು. ತಮಟೆ ಶುರುವಾಯಿತು. ರತ್ನಮ್ಮ ಅಂಗೈಯಲ್ಲಿದ್ದ ಹುಳುಗಳ ಸಮೇತ ಎದ್ದು ಕಿಟಕಿಗೆ ಹೋದಳು. ಸೆರಗು ಸರಿಮಾಡಿಕೊಂಡು, ಸರಳಿಗೆ ಮುಖ ಒತ್ತಿ ನಿಂತಳು. ಸದ್ದು ಜೋರಾಯಿತು, ಬೀದಿಯ ತಿರುವಿನ ತನಕ ಬಂತು. ಅಲ್ಲಿಂದ ಕೆರೆಯ ಕಡೆ ಹೊರಳಿತು.

"ಆ ಕಡೆ ಯಾಕೋದ್ರು?" ಎಂದಳು.

ನಾನು ಎದ್ದು ಅವಳ ಪಕ್ಕ ನಿಂತೆ. ಬೀದಿ ಖಾಲಿಯಿತ್ತು.

"ಏರಿ ಹತ್ತಕ್ಕಾಗುತ್ತಾ ಅವ್ರಿಗೆ? ಮುನಿರಾಜಂಗೆ ಮಂಡಿ ಮಡಚಕ್ಕೇ ಬರಲ್ಲ. ಅಷ್ಟು ಸುತ್ತು ಯಾಕೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ತಮಟೆಯ ಸದ್ದು ಪೂರ್ತಿ ಅಡಗುವ ತನಕ ಅವಳು ಕಿಟಕಿ ಬಿಟ್ಟು ಕದಲಲಿಲ್ಲ. ಅಂಗೈಯಲ್ಲಿದ್ದ ಹುಳುಗಳು ತಲೆ ಆಡಿಸುತ್ತಾ ಅವಳ ಬೆರಳ ಸಂದಿಗೇ ನೂಲು ಹಾಕಲು ತೊಡಗಿದ್ದವು. ನಾನು ಅದನ್ನು ತೋರಿಸಿದೆ. ಅವಳು ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಹೊಸ್ತಿಲ ಹತ್ತಿರ ಬಂದು ಕೂತು, ಎಳೆ ಹರಿಯದ ಹಾಗೆ ಒಂದೊಂದೇ ಹುಳುವನ್ನು ಬೆರಳಿನಿಂದ ಬಿಡಿಸಿ ಚಂದ್ರಂಕಿಗೆ ಇಟ್ಟಳು.